ಬಂದಿಯ ಮುಂದೆ ಮಾರುವೇಷ: ಭಾಸನ ‘ಪಂಚರಾತ್ರ’ದ ಒಂದು ವಿಚಾರಣೆ



ಜೂಜಿನಲ್ಲಿ ಸೋತ ಪಾಂಡವರಿಗೆ ಬಿದ್ದ ಶಿಕ್ಷೆಯಲ್ಲಿ 12 ವರ್ಷದ ಕಾಡಿಗಿಂತ 13ನೆಯ ವರ್ಷದ ಊರೇ ಕಠಿಣ. ಕಾಡಿನಲ್ಲಿ ಅವರು ಪಾಂಡವರಾಗಿಯೇ ಇದ್ದರು. ಋಷಿಗಳು ಬಂದರು, ಕೃಷ್ಣ ಬಂದ, ಕಥೆಗಳು ನಡೆದವು. ಊರಿಗೆ ಬಂದ ಮೇಲೆ ತಮ್ಮ ಹೆಸರನ್ನು ತಾವೇ ನುಂಗಿಕೊಳ್ಳಬೇಕಾಯಿತು. ಯಾರಾದರೂ ಗುರುತು ಹಿಡಿದರೆ ಮತ್ತೆ 12 ವರ್ಷ ಕಾಡು. ಗುರುತು ಸಿಕ್ಕುವುದು ಬೇರೆಲ್ಲ ಕಥೆಗಳಲ್ಲಿ ಸಂತೋಷದ ಸಂಗತಿ; ವಿರಾಟನಗರದಲ್ಲಿ ಅದೇ ದಂಡನೆ. ಹೀಗೆ ಕಟ್ಟುಪಾಡಿಗೆ ಸಿಕ್ಕಿದವರ ಎದುರಿಗೆ ಅವರ ಪ್ರೀತಿಯ ಜೀವವೊಂದನ್ನು ಸೆರೆಯಾಳಾಗಿ ತಂದು ನಿಲ್ಲಿಸಿ, ಇವನನ್ನು ಮಾತನಾಡಿಸಿ ಎಂದರೆ ಏನಾದೀತು? ಈ ಪ್ರಶ್ನೆಯನ್ನು ಎತ್ತಿದವನು ವ್ಯಾಸನಲ್ಲ, ಭಾಸ. ಅವನ ಮೂರಂಕದ ‘ಪಂಚರಾತ್ರ’ ನಾಟಕದ ಎರಡನೆಯ ಅಂಕವೇ ಇಂದಿನ ಉಪನ್ಯಾಸದ ವಸ್ತು.

ಮೂಲಕಥೆಯಲ್ಲಿ ಪಾಂಡವರು ಬಯಲಾಗುವ ಬಗೆಯನ್ನು ಮೊದಲು ನೆನೆಯೋಣ. ವಿರಾಟಪರ್ವದಲ್ಲಿ ಅರ್ಜುನ ತನ್ನನ್ನು ಮೊದಲು ತೋರಿಸಿಕೊಳ್ಳುವುದು ಉತ್ತರಕುಮಾರನಿಗೆ, ಬನ್ನಿಯ ಮರದ ಬಳಿ. ಅಲ್ಲಿಯೂ ಒಂದು ಬಗೆಯ ವಿಚಾರಣೆಯಿದೆ. ಹೆದರಿ ಓಡುತ್ತಿದ್ದ ಹುಡುಗ, ಹಿಡಿದು ತಂದವನ ಮಾತನ್ನು ಸುಲಭಕ್ಕೆ ನಂಬುವುದಿಲ್ಲ. ಅರ್ಜುನನ ಹತ್ತು ಹೆಸರುಗಳನ್ನು ಹೇಳಿದರೆ ನಂಬುತ್ತೇನೆ ಎನ್ನುತ್ತಾನೆ. ಅರ್ಜುನ, ಫಲ್ಗುಣ, ಜಿಷ್ಣು, ಕಿರೀಟಿ, ಶ್ವೇತವಾಹನ, ಬೀಭತ್ಸು, ವಿಜಯ, ಕೃಷ್ಣ, ಸವ್ಯಸಾಚಿ, ಧನಂಜಯ: ಹತ್ತನ್ನೂ ಹೇಳಿ, ಒಂದೊಂದೂ ಯಾಕೆ ಬಂತೆಂದು ವಿವರಿಸಿದ ಮೇಲೆಯೇ ಪರೀಕ್ಷೆ ಮುಗಿಯುವುದು. ಕನ್ನಡಿಗರಿಗೆ ಈ ಭಾಗ ಕುಮಾರವ್ಯಾಸನಿಂದ ಮನೆಮಾತು. ಮಳೆ ತಡವಾದ ವರ್ಷ ವಿರಾಟಪರ್ವವನ್ನು ಓದಿಸುವ ವಾಡಿಕೆಯಿದ್ದ ಹಳ್ಳಿಗಳಲ್ಲಿ ಉತ್ತರನ ಪೌರುಷದ ಪದ್ಯಗಳಿಗೆ ನಗದವರಿರಲಿಲ್ಲ. ಯಕ್ಷಗಾನ, ತಾಳಮದ್ದಳೆಗಳಲ್ಲಿ ಬೃಹನ್ನಳೆಯ ವೇಷದ ಅರ್ಜುನ ಮತ್ತು ಉತ್ತರರ ಸಂವಾದ ಅರ್ಥಧಾರಿಗಳ ಚಾತುರ್ಯಕ್ಕೆ ಒರೆಗಲ್ಲಾಗಿ ಉಳಿದಿದೆ. ಆದರೆ ವ್ಯಾಸನಲ್ಲಾಗಲಿ ಕುಮಾರವ್ಯಾಸನಲ್ಲಾಗಲಿ ಗೋಗ್ರಹಣದ ಕಾಳಗದಲ್ಲಿ ಅಭಿಮನ್ಯು ಇಲ್ಲ. ಅವನು ದ್ವಾರಕೆಯಲ್ಲಿ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಎಲ್ಲವೂ ಬಯಲಾದ ಮೇಲೆ ಮದುವೆಯ ಗಂಡಾಗಿ ಬರುತ್ತಾನೆ.

ಭಾಸ ಈ ಕಥೆಯನ್ನು ಧೈರ್ಯವಾಗಿ ಮುರಿದು ಕಟ್ಟಿದ. ದುರ್ಯೋಧನ ಯಜ್ಞ ಮಾಡಿ ಮುಗಿಸಿದ್ದಾನೆ. ಗುರುದಕ್ಷಿಣೆಯಾಗಿ ಏನು ಬೇಕು ಎಂದಾಗ ದ್ರೋಣ, ಪಾಂಡವರಿಗೆ ಅರ್ಧರಾಜ್ಯ ಕೊಡು ಎನ್ನುತ್ತಾನೆ. ಶಕುನಿಯ ಉಪಾಯದಿಂದ ಅದಕ್ಕೊಂದು ಷರತ್ತು ಬೀಳುತ್ತದೆ: ಐದು ರಾತ್ರಿಗಳೊಳಗೆ ಪಾಂಡವರ ಸುದ್ದಿ ತರಬೇಕು. ಅಷ್ಟರಲ್ಲಿ, ವಿರಾಟ ಯಜ್ಞಕ್ಕೆ ಬರಲಿಲ್ಲ, ಅವನ ಬಂಧುಗಳಾದ ಕೀಚಕರನ್ನು ಇರುಳಲ್ಲಿ ಯಾರೋ ಆಯುಧವಿಲ್ಲದೆ ಬರಿಗೈಯಲ್ಲಿ ಕೊಂದಿದ್ದಾರೆ ಎಂಬ ಸುದ್ದಿ ಬರುತ್ತದೆ. ಬರಿಗೈ ಎಂದ ಕೂಡಲೇ ಭೀಷ್ಮನಿಗೆ ತಿಳಿಯುತ್ತದೆ. ಷರತ್ತಿಗೆ ಒಪ್ಪುವಂತೆ ದ್ರೋಣನಿಗೆ ಸನ್ನೆ ಮಾಡಿ, ವಿರಾಟನ ಗೋವುಗಳನ್ನು ಹಿಡಿಯುವ ನೆಪವನ್ನು ಅವನೇ ಒದಗಿಸುತ್ತಾನೆ. ಕೌರವರ ಸೇನೆಯ ಜೊತೆಗೆ ಅಭಿಮನ್ಯುವೂ ಹೊರಡುತ್ತಾನೆ. ತಂದೆ ಒಂದು ಕಡೆ, ಮಗ ಇನ್ನೊಂದು ಕಡೆ.

ಈ ನಾಟಕ ನಮ್ಮ ಕೈಗೆ ಬಂದದ್ದೇ ಒಂದು ಬಯಲಾಗುವಿಕೆಯ ಕಥೆ. 1909ರ ಸುಮಾರಿಗೆ ಟಿ. ಗಣಪತಿ ಶಾಸ್ತ್ರಿಗಳಿಗೆ ತಿರುವಾಂಕೂರು ಸೀಮೆಯ ಪದ್ಮನಾಭಪುರದ ಸಮೀಪ ಮಲಯಾಳ ಲಿಪಿಯ ತಾಳೆಗರಿಗಳು ಸಿಕ್ಕವು. 1912ರಿಂದ ಅವರು ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಒಟ್ಟು 13 ನಾಟಕಗಳನ್ನು ಅಚ್ಚು ಹಾಕಿಸಿದರು. ಕಾಳಿದಾಸ ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ ಗೌರವದಿಂದ ಹೆಸರಿಸಿದ್ದ ಭಾಸ ಅಲ್ಲಿಯವರೆಗೆ ಬರಿಯ ಹೆಸರಾಗಿದ್ದ, ಸಿಕ್ಕ ನಾಟಕಗಳಲ್ಲೋ ಕವಿಯ ಹೆಸರೇ ಇರಲಿಲ್ಲ. ಸೂತ್ರಧಾರನಿಂದಲೇ ಆರಂಭವಾಗುವ ರೀತಿ, ‘ಸ್ವಪ್ನವಾಸವದತ್ತ’ದ ಬಗ್ಗೆ ಹಳಬರು ಬಿಟ್ಟುಹೋದ ಮಾತುಗಳು ಮುಂತಾದ ಗುರುತುಗಳನ್ನು ಜೋಡಿಸಿ ಶಾಸ್ತ್ರಿಗಳು ಕರ್ತೃವನ್ನು ನಿರ್ಣಯಿಸಿದರು. ಆ ನಿರ್ಣಯವನ್ನು ಒಪ್ಪದ ವಿದ್ವಾಂಸರು ಅಂದೂ ಇದ್ದರು, ಇಂದೂ ಇದ್ದಾರೆ. ಆ ವಿವಾದವನ್ನು ಬಗೆಹರಿಸುವ ಅಧಿಕಾರ ನನಗಿಲ್ಲ, ಈ ದೃಶ್ಯಕ್ಕೆ ಅದರ ಅಗತ್ಯವೂ ಇಲ್ಲ. ರೂಢಿಯಂತೆ ಭಾಸ ಎಂದೇ ಕರೆಯುತ್ತೇನೆ.

ಇನ್ನು ದೃಶ್ಯಕ್ಕೆ ಬರೋಣ. ಕಾಳಗ ಮುಗಿದಿದೆ. ವಿರಾಟ ಆಸ್ಥಾನದಲ್ಲಿದ್ದಾನೆ; ಪಕ್ಕದಲ್ಲಿ ಬ್ರಾಹ್ಮಣವೇಷದ ಯುಧಿಷ್ಠಿರ, ಈ ನಾಟಕದಲ್ಲಿ ಅವನನ್ನು ‘ಭಗವಾನ್’ ಎಂದು ಕರೆಯುತ್ತಾರೆ. ಅಭಿಮನ್ಯು ಸಿಕ್ಕಿಬಿದ್ದನೆಂಬ ಸುದ್ದಿ ಬರುತ್ತದೆ. ಹಿಡಿದವನು ಅಡುಗೆಮನೆಯಲ್ಲಿ ಕೆಲಸಕ್ಕಿರುವವನು. ರಥದ ಬಳಿಗೆ ನಡೆದುಹೋಗಿ ತೋಳಿನಲ್ಲೇ ಎತ್ತಿ ಇಳಿಸಿಕೊಂಡನಂತೆ. ಹುಡುಗನನ್ನು ಮರ್ಯಾದೆಯಿಂದ ಕರೆತರಬೇಕೆಂದು ವಿರಾಟ ಹೇಳುತ್ತಾನೆ. ಕರೆತರಲು ಬೃಹನ್ನಳೆಯನ್ನು ಕಳುಹಿಸುವ ಏರ್ಪಾಡು ಭಗವಾನನದು. ರಾಜಸಭೆಯ ಕಣ್ಣಿಗೆ ಬೀಳುವ ಮೊದಲು ತಂದೆಗೂ ಮಗನಿಗೂ ನಾಲ್ಕು ಗಳಿಗೆ ಸಿಗಲಿ ಎಂಬ ಅಣ್ಣನ ಅಂತಃಕರಣ ಅದರ ಹಿಂದಿದೆಯೆಂದು ನಾನು ಓದಿಕೊಂಡಿದ್ದೇನೆ.

ಒಳಗೆ ಭೀಮ, ಅರ್ಜುನ, ನಡುವೆ ಅಭಿಮನ್ಯು. ಮಗನನ್ನು ಸೆರೆಹಿಡಿದದ್ದು ಸರಿಯೇ ಎಂದು ಅರ್ಜುನನ ಮನಸ್ಸು ಕಹಿಯಾಗಿದೆ. ಅದರ ತಪ್ಪೆಲ್ಲ ತನಗೂ ಗೊತ್ತು, ಆದರೆ ದುಃಖದಲ್ಲಿ ಮುಳುಗಿರುವ ದ್ರೌಪದಿ ಒಮ್ಮೆ ಇವನನ್ನು ನೋಡಲಿ ಎಂದು ತಂದೆ ಎನ್ನುತ್ತಾನೆ ಭೀಮ. ಎಷ್ಟು ಭೀಮನಿಗೆ ತಕ್ಕ ಉತ್ತರ! ಹೆಂಡತಿಗಾಗಿ ಹೂವನ್ನೂ ತಂದವನು, ಕೀಚಕನನ್ನೂ ಮುಗಿಸಿದವನು, ಈಗ ರಣರಂಗದಿಂದ ಮಗನನ್ನೇ ಎತ್ತಿಕೊಂಡು ಬಂದಿದ್ದಾನೆ. ಆಗ ಅರ್ಜುನ ಅಣ್ಣನಲ್ಲಿ ಒಂದೇ ಒಂದು ಬೇಡಿಕೆ ಇಡುತ್ತಾನೆ: ಇವನ ಮಾತು ಕೇಳುವ ಆಸೆ ತಡೆಯಲಾಗುತ್ತಿಲ್ಲ, ಹೇಗಾದರೂ ಮಾತಾಡಿಸು.

ಇಡೀ ವಿಚಾರಣೆಯ ಮೂಲ ಈ ಬೇಡಿಕೆಯಲ್ಲಿದೆ. ಸೆರೆಯಾಳಿನಿಂದ ಶತ್ರುವಿನ ಗುಟ್ಟು ತಿಳಿಯಬೇಕೆಂದು ಇಲ್ಲಿ ಯಾರೂ ಪ್ರಶ್ನೆ ಕೇಳುತ್ತಿಲ್ಲ. ಉತ್ತರಗಳೆಲ್ಲ ಮೊದಲೇ ಗೊತ್ತು. 13 ವರ್ಷ ಕಾಣದ ಮಗನ ಕಂಠ ಹೇಗಿದೆ, ಮಾತಿನ ಏರಿಳಿತ ಹೇಗಿದೆ ಎಂದು ಕೇಳುವುದಕ್ಕೆ ಪ್ರಶ್ನೆ ಒಂದು ನೆಪ. ವಿಚಾರಣೆ ಎಂಬ ಒರಟು ರಾಜಕೀಯ ವ್ಯವಹಾರವನ್ನು ವಾತ್ಸಲ್ಯ ತನ್ನ ಕೆಲಸಕ್ಕೆ ಬಳಸಿಕೊಂಡಿದೆ.

ಹೆಸರು ಹಿಡಿದು ಕೂಗಿದರೆ ಹುಡುಗ ಸಿಡಿಯುತ್ತಾನೆ. ಈ ಊರಿನಲ್ಲಿ ಕ್ಷತ್ರಿಯರನ್ನು ಕೆಳಗಿನವರೂ ಹೆಸರು ಹಿಡಿದೇ ಕರೆಯುತ್ತಾರೋ, ಅಥವಾ ಸೆರೆಸಿಕ್ಕವನಿಗೆ ಮಾಡುವ ಅವಮಾನವೋ ಎಂದು ಕೇಳುತ್ತಾನೆ. ಅಭಿಮನ್ಯುವಿಗೆ ತನ್ನೆದುರಿನವರು ಯಾರು ಎಂಬ ಕುತೂಹಲವೂ ಇದೆ. ಹೆಣ್ಣುಡುಗೆಯಲ್ಲಿರುವ ಈ ವ್ಯಕ್ತಿ ಉಮೆಯ ವೇಷ ತೊಟ್ಟ ಹರನಂತೆ ಅವನಿಗೆ ತೋರುತ್ತಾನೆ. ಕಣ್ಣು ಸತ್ಯವನ್ನು ಮುಟ್ಟಿಯೂ ಬುದ್ಧಿ ಹಿಂದೆ ಬೀಳುತ್ತದೆ. ಬೃಹನ್ನಳೆ ಮುಂದಿನ ಪ್ರಶ್ನೆ ಕೇಳುತ್ತಾಳೆ: ತಾಯಿ ಕ್ಷೇಮವೇ?

ಸಹೃದಯರೇ, ಯಾವ ರಾಜ್ಯದ ಯಾವ ಅಧಿಕಾರಿ ಯುದ್ಧಕೈದಿಯನ್ನು ಈ ಪ್ರಶ್ನೆ ಕೇಳುತ್ತಾನೆ? ಇದು ಬಾಯಿತಪ್ಪಿ ಬಂದದ್ದಲ್ಲ, ಆದರೂ ತಡೆದು ಬಂದದ್ದೂ ಅಲ್ಲ. ಅಭಿಮನ್ಯುವಿನ ಕೋಪ ಈಗ ನೆತ್ತಿಗೇರುತ್ತದೆ. ನನ್ನ ಮನೆಯ ಹೆಂಗಸರ ಸುದ್ದಿಯನ್ನು ತಂದೆಯ ಗತ್ತಿನಲ್ಲಿ ಕೇಳುವುದಕ್ಕೆ ನೀವೇನು ಧರ್ಮರಾಜನೋ, ಭೀಮಸೇನನೋ, ಧನಂಜಯನೋ ಎಂಬರ್ಥದಲ್ಲಿ ಗದರುತ್ತಾನೆ. ಎದುರಿಗಿರುವವರು ಧನಂಜಯ ಮತ್ತು ಭೀಮಸೇನ; ಆಚೆ ಸಭೆಯಲ್ಲಿ ಕೂತವನು ಧರ್ಮರಾಜ. ಮೂರು ಹೆಸರನ್ನೂ ಹುಡುಗ ಸರಿಯಾಗಿ ಹೇಳಿದ್ದಾನೆ, ಹೇಳಿದ ಕ್ಷಣವೇ ಅಸಾಧ್ಯವೆಂದು ತಳ್ಳಿಹಾಕಿದ್ದಾನೆ. ವೇಷವನ್ನು ಭೇದಿಸಿದ್ದು ಅವನ ಕೋಪ. ಮುಂದೆ ಕೃಷ್ಣನ ಕ್ಷೇಮವನ್ನೂ ಹೆಸರು ಹಿಡಿದೇ ಕೇಳಿದಾಗ ಅವನು ಇನ್ನಷ್ಟು ಕೆರಳುತ್ತಾನೆ. ಅಣ್ಣತಮ್ಮಂದಿರು ಮುಖ ಮುಖ ನೋಡಿಕೊಂಡು ನಗುತ್ತಾರೆ. ಯಾಕೆ ನಗುತ್ತೀರಿ ಎಂದರೆ ಏನೂ ಇಲ್ಲ ಎಂಬ ಉತ್ತರ. ಪಾರ್ಥ ತಂದೆ, ಜನಾರ್ದನ ಸೋದರಮಾವ, ಹೀಗಿದ್ದೂ ಸೋಲಬಹುದೇ ಎಂದು ಅರ್ಜುನ ಕೆಣಕುತ್ತಾನೆ. ಸತ್ತವರ ಮೈಮೇಲಿನ ಬಾಣಗಳನ್ನು ನೋಡಿ ಬನ್ನಿ, ಅಲ್ಲಿ ಬೇರೆಯವರ ಹೆಸರಿರುವುದಿಲ್ಲ ಎನ್ನುತ್ತಾನೆ ಮಗ. ಹಾಗಾದರೆ ಕಾಲಾಳೊಬ್ಬ ಹಿಡಿದು ತಂದದ್ದು ಹೇಗೆ? ಆಯುಧವಿಲ್ಲದೆ ಬಂದನಲ್ಲ, ಅರ್ಜುನನ ಮಗನಾಗಿ ನಿರಾಯುಧನ ಮೇಲೆ ಕೈ ಎತ್ತಲೇ?

ಈ ಉತ್ತರದೊಂದಿಗೆ ವಿಚಾರಣೆಯ ದಿಕ್ಕು ತಿರುಗುತ್ತದೆ. ಮಗ ಸೋತದ್ದು ತಂದೆಯಿಂದ ಕಲಿತ ಧರ್ಮಕ್ಕೆ. ಆ ಧರ್ಮವನ್ನು ಅರಿತೇ, ಅದನ್ನೇ ದಾರಿ ಮಾಡಿಕೊಂಡು ದೊಡ್ಡಪ್ಪ ಹಿಡಿದು ತಂದ. ಕೇಳುವವರು ಸುಳ್ಳು ವೇಷದಲ್ಲಿದ್ದಾರೆ, ಉತ್ತರ ಕೊಡುವವನು ಮುಚ್ಚುಮರೆಯಿಲ್ಲದೆ ನಿಂತಿದ್ದಾನೆ. ಯಾರನ್ನು ಯಾರು ಪರೀಕ್ಷಿಸುತ್ತಿದ್ದಾರೆಂದು ಪ್ರೇಕ್ಷಕನಿಗೆ ಸಂದೇಹ ಬರಬೇಕು.

ರಾಜನ ಮುಂದೆ ಇದು ಇನ್ನಷ್ಟು ಹರಿತವಾಗುತ್ತದೆ. ಅಭಿಮನ್ಯು ವಿರಾಟನಿಗೆ ನಮಸ್ಕರಿಸುವುದಿಲ್ಲ; ಬ್ರಾಹ್ಮಣನೆಂದು ಭಗವಾನನಿಗೆ ನಮಸ್ಕರಿಸುತ್ತಾನೆ. ಯುಧಿಷ್ಠಿರನ ಆಶೀರ್ವಾದವನ್ನು ಗಮನಿಸಿ: ಇಂತಿಂಥ ಗುಣಗಳು ಒಬ್ಬ ತಂದೆಯಿಂದ ಬರಲಿ, ಉಳಿದ ನಾಲ್ವರಿಂದಲೂ ನಿನಗೆ ಇಷ್ಟವಾದುದು ಬರಲಿ ಎನ್ನುವ ಅರ್ಥದ್ದು. ಐವರು ತಂದೆಯರ ಲೆಕ್ಕ ಆ ಮಾತಿನೊಳಗೆ ಕೂತಿದೆ. ಧರ್ಮರಾಜ ಸುಳ್ಳಾಡಲಿಲ್ಲ, ನಿಜವನ್ನು ಹೇಳಲೂ ಇಲ್ಲ. ಯಾರು ಹಿಡಿದರು ಎಂದು ವಿರಾಟ ಕೇಳಿದಾಗ ಭೀಮ, ನಾನು ಎನ್ನುತ್ತಾನೆ. ಆಯುಧವಿಲ್ಲದೆ ಎಂದೂ ಸೇರಿಸು ಎನ್ನುತ್ತಾನೆ ಹುಡುಗ. ಹುಟ್ಟಿನಿಂದ ಬಂದ ತೋಳೇ ನನ್ನ ಆಯುಧ ಎಂಬ ಉತ್ತರಕ್ಕೆ ಅಭಿಮನ್ಯು, ಹೀಗೆ ಮಾತಾಡಲು ನೀನೇನು ನನ್ನ ನಡುವಣ ತಂದೆಯೋ ಎಂದು ಜರೆಯುತ್ತಾನೆ. ಕೊನೆಗೆ ಬಿಡುಗಡೆಯ ಮಾತು ಬಂದಾಗಲೂ ಅವನಿಗೆ ಬೇಡ. ಕೈದಿಗೆ ತಕ್ಕಂತೆ ಕಾಲಿಗೆ ಬೇಡಿ ಹಾಕಿ, ತೋಳಿನಿಂದ ತಂದವನನ್ನು ಭೀಮ ಬಂದು ತೋಳಿನಿಂದಲೇ ಒಯ್ಯುತ್ತಾನೆ ಎನ್ನುತ್ತಾನೆ. ಈ ಬೆದರಿಕೆಯನ್ನು ಕೇಳುತ್ತಿರುವವನು ಭೀಮ. ಸಂಸ್ಕೃತ ನಾಟಕದಲ್ಲಿ ನಗುವೂ ಕಣ್ಣೀರೂ ಇಷ್ಟು ಒತ್ತಾಗಿ ನಿಂತ ಸ್ಥಳಗಳು ಬಹಳ ಇಲ್ಲ.

ಗುಟ್ಟು ಒಡೆಯುವುದು ಇವರಿಂದಲ್ಲ. ಉತ್ತರ ಬರುತ್ತಾನೆ. ಗೆಲುವಿನ ಹೊಗಳಿಕೆ ತನಗೆ ಸಲ್ಲದೆಂದು ಹೇಳಿ, ಇವನೇ ಧನಂಜಯ ಎಂದು ಬೆರಳು ತೋರಿಸುತ್ತಾನೆ; ಮುಂಗೈ ಮೇಲಿನ, ಗಾಂಡೀವದ ಹೆದೆ ಬಡಿದು ಆದ ಜಡ್ಡನ್ನು ಸಾಕ್ಷಿಯಾಗಿ ಹೇಳುತ್ತಾನೆ. ಅದು ಬಳೆ ಉಜ್ಜಿ ಆದದ್ದೆಂದು ತಪ್ಪಿಸಿಕೊಳ್ಳುವ ಒಂದು ಕೊನೆಯ ಪ್ರಯತ್ನವೂ ನಡೆಯುತ್ತದೆ. ಇಲ್ಲಿ ಭಾಸ ವ್ಯಾಸನ ಒಂದು ವಿವರವನ್ನು ಸೊಗಸಾಗಿ ತಿರುಗಿಸಿದ್ದಾನೆ: ಮೂಲದಲ್ಲಿ ಅರ್ಜುನ ಅಜ್ಞಾತವಾಸಕ್ಕೆ ಹೊರಡುವಾಗ, ಹೆದೆಯ ಕಲೆಗಳನ್ನು ಬಳೆಗಳಿಂದ ಮುಚ್ಚಿಕೊಳ್ಳುತ್ತೇನೆ ಎಂದಿದ್ದ. ಆಮೇಲೆ ಅರ್ಜುನ ತಾನು ಅರ್ಜುನನೇ ಆದರೆ ಇವನು ಭೀಮ, ಇವನು ರಾಜ ಯುಧಿಷ್ಠಿರ ಎಂದು ಒಂದೇ ಉಸಿರಿನಲ್ಲಿ ಮೂವರನ್ನೂ ಬಯಲಿಗೆ ತರುತ್ತಾನೆ. ಅಭಿಮನ್ಯುವಿಗೆ ಆಗ ಹೊಳೆಯುವುದೇನು? ತಾನು ಅಷ್ಟು ಬೈದರೂ ಇವರು ಸಿಟ್ಟಾಗದೆ ನಕ್ಕದ್ದು ಯಾಕೆಂಬುದು.

ಅರಿಸ್ಟಾಟಲ್ ‘ಪೊಯೆಟಿಕ್ಸ್’ನಲ್ಲಿ ಗುರುತಿಸುವಿಕೆಯ ಬಗೆಗಳನ್ನು ತರತಮವಾಗಿ ಜೋಡಿಸಿದ್ದಾನೆ. ಮಚ್ಚೆ, ಗಾಯದ ಕಲೆಗಳಂಥ ಹೊರಗುರುತಿನಿಂದ ಆಗುವುದು ಅವನಿಗೆ ಕಲೆಯ ದೃಷ್ಟಿಯಿಂದ ಕೀಳು. ಘಟನೆಗಳೊಳಗಿಂದಲೇ ಹುಟ್ಟುವುದು ಮೇಲು. ಮೇಲಿನದಕ್ಕೆ ಅವನು ಕೊಡುವ ನಿದರ್ಶನಗಳಲ್ಲಿ ಯೂರಿಪಿಡೀಸನ ತೌರಿಸ್ ನಾಡಿನ ಇಫಿಜೀನಿಯ ಒಂದು. ಅಲ್ಲಿಯೂ ಬಲಿಗೆ ತಂದ ಬಂದಿಯನ್ನು ಪೂಜಾರಿಣಿ ಪ್ರಶ್ನಿಸುತ್ತಾಳೆ, ಬಂದಿ ಅವಳ ತಮ್ಮ. ಆದರೆ ಅಲ್ಲಿ ಇಬ್ಬರಿಗೂ ತಿಳಿಯದು. ಅರಿಸ್ಟಾಟಲನ ಲೆಕ್ಕದಲ್ಲಿ ಭಾಸನ ಹೆದೆಯ ಜಡ್ಡು ಕೆಳಗಿನ ದರ್ಜೆಗೆ ಹೋಗಬೇಕು. ನನಗೆ ಹಾಗೆ ಅನ್ನಿಸುವುದಿಲ್ಲ. ಜಡ್ಡು ವಿರಾಟನಿಗೆ ಸಾಕ್ಷಿ, ರಾಜನಾದವನಿಗೆ ಸಾಕ್ಷಿ ಬೇಕು. ಮಗನಿಗೆ ಸಾಕ್ಷಿಯಾದದ್ದು ಆ ನಗು.

ನಮ್ಮ ದೃಶ್ಯಕ್ಕೆ ಇನ್ನೂ ಹತ್ತಿರದ ನಂಟು ಯೋಸೇಫನ ಕಥೆಯದು. ಬೈಬಲಿನ ಆದಿಕಾಂಡದಲ್ಲಿ ಐಗುಪ್ತದ ಅಧಿಪತಿಯಾಗಿರುವ ಯೋಸೇಫ, ಧಾನ್ಯ ಕೊಳ್ಳಲು ಬಂದ ತನ್ನ ಅಣ್ಣಂದಿರನ್ನು ಗೂಢಚಾರರೆಂದು ಆಪಾದಿಸಿ ಮೂರು ದಿನ ಸೆರೆಯಲ್ಲಿಡುತ್ತಾನೆ. ಅವರ ಭಾಷೆ ತನಗೆ ಬಾರದೆಂಬಂತೆ ದುಭಾಷಿಯನ್ನು ನಡುವೆ ಇಟ್ಟುಕೊಳ್ಳುತ್ತಾನೆ. ಮುಂದೆ ಅವರು ಎರಡನೆಯ ಸಲ ಬಂದಾಗ ಅವನು ಕೇಳುವುದೂ ಮನೆಯ ಹಿರಿಯರ ಕ್ಷೇಮವನ್ನೇ: ನಿಮ್ಮ ಮುದಿ ತಂದೆ ಹೇಗಿದ್ದಾನೆ, ಇನ್ನೂ ಇದ್ದಾನೆಯೇ? ಅರ್ಜುನ ತಾಯಿಯನ್ನು ಕೇಳಿದ, ಯೋಸೇಫ ತಂದೆಯನ್ನು. ಪರಸ್ಪರ ಸಂಪರ್ಕವನ್ನು ಊಹಿಸುವ ಕೆಲಸ ಬೇಡ. ಮಾರುವೇಷದಲ್ಲಿ ತನ್ನವರನ್ನು ಪ್ರಶ್ನಿಸುವವನ ಬಾಯಿಗೆ ಮನುಷ್ಯಸಹಜವಾಗಿ ಬರುವ ಪ್ರಶ್ನೆ ಇದು. ಆದಿಕಾಂಡದಲ್ಲಿ ಯೋಸೇಫ ಅಳು ತಡೆಯಲಾರದೆ ತನ್ನ ಹೆಸರನ್ನು ತಾನೇ ಹೇಳುತ್ತಾನೆ, ಅಣ್ಣಂದಿರು ದಿಗಿಲುಬಿದ್ದು ಮೂಕರಾಗುತ್ತಾರೆ. ಕುರ್‌ಆನಿನ ಯೂಸುಫ್ ಅಧ್ಯಾಯದಲ್ಲಿ ಸೋದರರೇ ಅನುಮಾನಿಸಿ ನೀನು ಯೂಸುಫನೇ ಎಂದು ಕೇಳುತ್ತಾರೆ, ಅವನು ಹೌದೆನ್ನುತ್ತಾನೆ. ಅಲ್ಲಿ ತಪ್ಪು ಮಾಡಿದವರು ಬಂದಿಗಳು, ವೇಷದಲ್ಲಿರುವವನು ಅನ್ಯಾಯಕ್ಕೆ ಒಳಗಾದವನು. ಹಾಗಾಗಿ ಬಯಲಾಗುವುದೆಂದರೆ ಕ್ಷಮಿಸುವುದು. ಅಭಿಮನ್ಯು ಯಾವ ತಪ್ಪೂ ಮಾಡಿಲ್ಲ. ಇಲ್ಲಿ ಕ್ಷಮೆ ಬೇಕಾದದ್ದು ಯಾರಿಗೆ?

ಈ ಪ್ರಶ್ನೆಯನ್ನು ವ್ಯಾಖ್ಯಾನಕಾರರು ಹೆಚ್ಚು ತಡಕಿದಂತಿಲ್ಲ. ದೃಶ್ಯದ ಸೊಗಸಿನಲ್ಲಿ ಒಂದು ಸಣ್ಣ ಕ್ರೌರ್ಯವೂ ಸೇರಿಕೊಂಡಿದೆ. ಸೋತ ಅವಮಾನದಲ್ಲಿ ಬೇಯುತ್ತಿರುವ ಹುಡುಗನನ್ನು ಬಲ್ಲವರು ಕೆಣಕಿ ಅವನ ಮಾತನ್ನು ಸವಿಯುತ್ತಿದ್ದಾರೆ. ಭಾಸನಿಗೆ ಇದು ಪ್ರಿಯವಾದ ಸನ್ನಿವೇಶ. ‘ಮಧ್ಯಮವ್ಯಾಯೋಗ’ದಲ್ಲೂ ಭೀಮ ಘಟೋತ್ಕಚನನ್ನು ಮಗನೆಂದು ಅರಿತ ಮೇಲೂ ಹೇಳದೆ, ಅವನ ಬಲವನ್ನೂ ಮಾತನ್ನೂ ಪರೀಕ್ಷಿಸುತ್ತಾ ಹಿಂದೆ ನಡೆಯುತ್ತಾನೆ, ಗುಟ್ಟು ಒಡೆಯುವುದು ಹಿಡಿಂಬೆಯಿಂದ. ತಂದೆಗೆ ತಿಳಿದಿದೆ, ಮಗನಿಗೆ ತಿಳಿಯದು, ಹೇಳುವವರು ಮೂರನೆಯವರು: ಎರಡು ನಾಟಕಗಳ ಕಟ್ಟೂ ಒಂದೇ. ಇಂಥ ಪರೀಕ್ಷೆ ಕೈತಪ್ಪಿದರೆ ಏನಾಗುತ್ತದೆಂಬುದಕ್ಕೆ ಕನ್ನಡದಲ್ಲಿ ಲಕ್ಷ್ಮೀಶನ ಬಭ್ರುವಾಹನನಿದ್ದಾನೆ. ಅಲ್ಲಿ ಮಗ ತಾನೇ ಗುರುತು ಹೇಳಿಕೊಂಡು, ಕಟ್ಟಿಹಾಕಿದ್ದ ಯಜ್ಞದ ಕುದುರೆಯನ್ನು ಒಪ್ಪಿಸಿ ತಂದೆಯ ಕಾಲಿಗೆ ಬೀಳುತ್ತಾನೆ. ಅದೇ ಅರ್ಜುನ ಅವನ ಹುಟ್ಟನ್ನೇ ಹೀಯಾಳಿಸಿ ತಿರಸ್ಕರಿಸುತ್ತಾನೆ, ಮಗನ ಬಾಣಕ್ಕೆ ತಲೆಯನ್ನೇ ಕೊಡಬೇಕಾಗುತ್ತದೆ. ಅಭಿಮನ್ಯು ಒಬ್ಬ ಗುಣಶಾಲಿ, ನಕ್ಕವರನ್ನು ಬೇಗ ಕ್ಷಮಿಸಿದ. ಗೋವುಗಳನ್ನು ಹಿಡಿಯಲು ಬಂದದ್ದೇ ಒಳ್ಳೆಯದಾಯಿತು, ತಂದೆಯರು ಕಾಣಸಿಕ್ಕರು ಎಂದುಕೊಳ್ಳುತ್ತಾನೆ. ಪಾಂಡವರ ಪರವಾಗಿ ಒಂದು ಮಾತು ಹೇಳುವುದಾದರೆ, ಅವರಿಗೆ ಹೆಸರು ಹೇಳುವ ಸ್ವಾತಂತ್ರ್ಯವಿರಲಿಲ್ಲ. ಬಿಗಿದಪ್ಪಲಾರದ ತೋಳುಗಳಿಗೆ ಉಳಿದದ್ದು ಕೆಣಕುವ ಮಾತು.

ಮೂರನೆಯ ಅಂಕ ಇದೇ ಸೆರೆಯನ್ನು ಕೌರವರ ಕಡೆಯಿಂದ ತೋರಿಸುತ್ತದೆ. ಅಭಿಮನ್ಯು ಸಿಕ್ಕಿಬಿದ್ದನೆಂದು ಕೇಳಿದ ದುರ್ಯೋಧನ, ಅವನು ಮೊದಲು ನನ್ನ ಮಗ, ಆಮೇಲೆ ಪಾಂಡವರ ಮಗ; ದಾಯಾದಿ ಜಗಳದಲ್ಲಿ ಮಕ್ಕಳದ್ದೇನು ತಪ್ಪು ಎನ್ನುತ್ತಾನೆ. ಈ ದುರ್ಯೋಧನನನ್ನು ವ್ಯಾಸನಲ್ಲಿ ಹುಡುಕಬೇಡಿ. ಹಿಡಿದವನು ಕಾಲ್ನಡಿಗೆಯಲ್ಲಿ ಬಂದು ಬರಿಗೈಯಲ್ಲಿ ಎತ್ತಿದ ಎಂದ ಕೂಡಲೇ ಭೀಷ್ಮ ಮತ್ತೆ ಭೀಮನನ್ನು ಗುರುತಿಸುತ್ತಾನೆ. ಅರ್ಜುನನ ಹೆಸರಿರುವ ಬಾಣವೂ ಸಿಗುತ್ತದೆ. ಶಕುನಿ ಮಾತ್ರ ಅರ್ಜುನ ಎಂಬ ಹೆಸರಿನವನು ಇನ್ನೊಬ್ಬನಿರಬಹುದು ಎಂದು ವಾದಿಸುತ್ತಾನೆ. ನಂಬಲು ಮನಸ್ಸಿಲ್ಲದವನಿಗೆ ಬರೆದ ಹೆಸರೂ ಸಾಲದು. ಆ ಕಡೆ ಒಬ್ಬ ಹುಡುಗ ಹೆಸರೇ ಇಲ್ಲದ ನಗುವಿನಿಂದ ಹಿಂದಿನದನ್ನೆಲ್ಲ ಅರ್ಥ ಮಾಡಿಕೊಂಡಿದ್ದ. ಕೊನೆಗೆ ಉತ್ತರ ದೂತನಾಗಿ ಬರುತ್ತಾನೆ, ಐದು ರಾತ್ರಿಯ ಅವಧಿ ಮೀರಿಲ್ಲ, ದುರ್ಯೋಧನ ಅರ್ಧರಾಜ್ಯ ಕೊಡುತ್ತಾನೆ. ಕುರುಕ್ಷೇತ್ರ ನಡೆಯುವುದೇ ಇಲ್ಲ. ಹಾಗಾಗಿ ಚಕ್ರವ್ಯೂಹವೂ ಇಲ್ಲ. ಮಗನನ್ನು ಮಾತಾಡಿಸುವ ಆಸೆಗೆ ಒಂದು ಇಡೀ ಅಂಕವನ್ನು ಕೊಟ್ಟ ಕವಿ, ಆ ಮಗನನ್ನು ಉಳಿಸಿಕೊಳ್ಳುವುದಕ್ಕೆ ಮಹಾಭಾರತವನ್ನೇ ಬದಲಿಸಿದನೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ನಾಟಕಕಾರನ ಉದ್ದೇಶವನ್ನು ಹೀಗೆ ಊಹಿಸುವುದು ಶಾಸ್ತ್ರಸಮ್ಮತವಲ್ಲ, ಆದರೆ ಅಭಿಮನ್ಯುವಿನ ಸಾವನ್ನು ಬಲ್ಲ ಪ್ರೇಕ್ಷಕ ಈ ಅಂಕವನ್ನು ಬೇರೆ ರೀತಿ ನೋಡಲಾರ.

ಇದನ್ನು ಕನ್ನಡದಲ್ಲಿ ರಂಗಕ್ಕೆ ತರುವವರಲ್ಲಿ ಒಂದು ವಿನಂತಿ. ಭೀಮಾರ್ಜುನರ ನಗುವನ್ನು ಹಾಸ್ಯದ ನಗುವಾಗಿ ದೊಡ್ಡದು ಮಾಡಬೇಡಿ. ಉತ್ತರನ ಪೌರುಷ ನೋಡಿ ರೂಢಿಯಾದ ನಮ್ಮ ಪ್ರೇಕ್ಷಕರು ವಿರಾಟನಗರವೆಂದರೆ ನಗುವುದಕ್ಕೆ ಸಿದ್ಧರಾಗಿಯೇ ಬಂದಿರುತ್ತಾರೆ. ಬೃಹನ್ನಳೆಯ ಪಾತ್ರಧಾರಿ ತಾಯಿಯ ಕ್ಷೇಮ ಕೇಳುವಾಗ ಹೆಣ್ಣುದನಿಯನ್ನು ಬಿಡದಿರಲಿ. ದನಿ ಬದಲಾದರೆ ಗುಟ್ಟು ಅಲ್ಲೇ ಒಡೆಯುತ್ತದೆ, ಅಭಿಮನ್ಯುವಿನ ಸಿಟ್ಟಿಗೆ ಆಧಾರವೇ ಇರುವುದಿಲ್ಲ. ಯುಧಿಷ್ಠಿರನನ್ನು ವಿರಾಟನ ಪಕ್ಕದಲ್ಲೇ ಕೂರಿಸಿ, ಆಶೀರ್ವಾದದ ಮಾತಿನಲ್ಲಿ ‘ಉಳಿದ ನಾಲ್ವರು’ ಎಂಬುದನ್ನು ಅವನು ಒತ್ತಿ ಹೇಳದೆ, ಸಾಲಿನ ಉಳಿದ ಮಾತುಗಳ ಜೊತೆಯಲ್ಲೇ ಹೇಳಿ ಮುಗಿಸಲಿ.